ಕಾಗದದ ಜಾಡು

ಆ ವರ್ಷ ಹೂಮಳೆ ತಡವಾಗಿ ಬಂತು.
ಪೇಪರೂ ತಡ. ಹಡಗಿನಲ್ಲಿ ವಾರಗಟ್ಟಲೆ ತೂಗಿ,
ತಲಚೇರಿಯಲ್ಲಿಳಿದು, ಗಾಡಿಯಲ್ಲಿ ಘಾಟಿ ಹತ್ತಿ
ಪಾಲಿಬೆಟ್ಟದ ಕ್ಲಬ್ಬಿನ ಮೇಜಿಗೆ ಬರುವಷ್ಟರಲ್ಲಿ
ಅಲ್ಲಿ ಓಡಿದವರ ಕಾಲಿನ ಕೆಸರು
ಒಣಗಿ ಉದುರಿರಬೇಕು.

ನಾಲ್ಕು ದೇಶ, ಎಂಟು ಮೈಲಿ,
ಬೇಲಿ, ಹಳ್ಳ, ಉತ್ತ ನೆಲ.
ಲೋಗನ್ ದೊರೆ ಗಟ್ಟಿಯಾಗಿ ಓದಿದರು,
ಸ್ಕಾಟ್ಲೆಂಡು ಸೋತದ್ದನ್ನು ಎರಡು ಸಲ.
ಟಿಯರ್ನಿ ದೊರೆ ನಕ್ಕರು. ನಕ್ಕದ್ದೇ ತಪ್ಪಾಯಿತು.
ವಿಸ್ಕಿ ಇಳಿಯುವ ಮೊದಲೇ ತೀರ್ಮಾನ:
ಇಲ್ಲಿಯೂ ಇದೆಯಲ್ಲ ನಾಲ್ಕು ದೇಶ!
ಸ್ಕಾಟಿನವರು ಒಬ್ಬರು, ಐರಿಷಿನವರು ಒಬ್ಬರು,
ಇಂಗ್ಲೆಂಡಿಗೆ ಹಾರ್ವುಡ್, ಮೊಣಕಾಲು ನೋವಿದ್ದರೂ,
ವೇಲ್ಸಿಗೆ ಪ್ರಿಚರ್ಡ್, ಇಪ್ಪತ್ತೆರಡರ ಹುಡುಗ,
ಬಂದು ಆರೇ ತಿಂಗಳು,
ಜಿಗಣೆ ಕಂಡರೆ ಇನ್ನೂ ಕುರ್ಚಿ ಹತ್ತುತ್ತಿದ್ದ.

ನಾನು ತೋಟದ ರೈಟರು. ನನ್ನ ಪಾಲಿಗೆ ಹರಿಯುವ ಕೆಲಸ.
ದಾರಿ ತೋರಿಸಲು ಕಾಗದದ ಚೂರು ಬೇಕಂತೆ, ಎರಡು ಮೂಟೆ.
'ಹಳೇ ಚೆಕ್‌ರೋಲು ಗೆದ್ದಲಿಗೆ ಯಾಕೆ?' ಎಂದರು ದೊರೆ.
ರಾತ್ರಿಯಿಡೀ ಹರಿದೆ, ನನ್ನದೇ ಕೈಬರಹ:
ಪೂರ್ತಿ. ಪೂರ್ತಿ. ಅರ್ಧ. ಗೈರು.
ಜ್ವರ, ಗೈರು. ಹೆರಿಗೆ, ಗೈರು.
ಗೈರು ಹರಿಯುವುದು ಸುಲಭ,
ಎರಡೇ ಅಕ್ಷರ.

ಚೆಲ್ಲಲು ಪಾಡಿಯಿಂದ ಬೊಳ್ಕ ಬಂದ.
ಎರವರ ಹುಡುಗ. ಅವನ ಅವ್ವನ ಲೆಕ್ಕದಲ್ಲಿ
ಆನೆ ಗೋಡೌನು ಕೆಡವಿದ ವರ್ಷ ಹುಟ್ಟಿದವನು.
'ಯಾರನ್ನು ಹಿಡಿಯಲು ಓಡುತ್ತಾರೆ?'
ನಿನ್ನನ್ನೇ.
'ನಾನೇನು ಮಾಡಿದೆ?'
ಏನೂ ಇಲ್ಲ. ಬರೀ ಓಟ.
ಬಹಳ ಹೊತ್ತು ನನ್ನ ಮುಖ ನೋಡಿದ.
ಲೈನಿನಿಂದ ಓಡಿಹೋದವರ ಹಿಂದೆ
ನಾಯಿ ಬಿಟ್ಟು ಎರಡು ತಿಂಗಳೂ ಆಗಿರಲಿಲ್ಲ.

ಬೆಳಗ್ಗೆ ಎದ್ದರೆ
ತೋಟಕ್ಕೆ ತೋಟವೇ ಅರಳಿ ನಿಂತಿದೆ.
ರೆಂಬೆ ರೆಂಬೆಗೂ ಬಿಳಿ, ಜೇನು ಹುಚ್ಚೆದ್ದಿದೆ,
ವಾಸನೆ ಹಲ್ಲಿಗೂ ಅಂಟುವಷ್ಟು.
ಬಿಳಿಯ ಮೇಲೆ ಬಿಳಿ ಕಾಗದ!
ಯಾರಿಗೂ ಹೊಳೆಯಲಿಲ್ಲ.
ನನಗೆ ಹೊಳೆಯಿತು. ಸುಮ್ಮನಿದ್ದೆ.

ಗಂಟೆ ಬಾರಿಸಿದ್ದು ಏಳಕ್ಕೆ.
ಬೊಳ್ಕ ಹೋದದ್ದು ಕಾಣಿಸಲಿಲ್ಲ, ಗಿಡ ಅಲ್ಲಾಡಿದ್ದಷ್ಟೇ ಕಂಡಿತು.
ಕಡಂಗ ದಾಟಿದನಂತೆ, ಮಂಡಿಯುದ್ದ ಕೆಸರಿನ ಗದ್ದೆ ದಾಟಿದನಂತೆ,
ದೇವರಕಾಡಿನ ಅಂಚಿಗೆ ಬಂದಾಗ ಮಾತ್ರ
ಮೂಟೆಯ ಬಾಯಿ ಮುಷ್ಟಿಯಲ್ಲಿ ಹಿಡಿದು
ಸುತ್ತಿಕೊಂಡು ಹೋದನಂತೆ. ಕಳೆ ಕೀಳುವ ಹೆಂಗಸರು ನೋಡಿ ಹೇಳಿದ್ದು.

ದೊರೆಗಳು ಐದು ನಿಮಿಷ ಬಿಟ್ಟು ಹೊರಟರು.
ಹಾರ್ವುಡ್ಡನ್ನು ಕಡಂಗದಿಂದ ಹಗ್ಗ ಹಾಕಿ ಎತ್ತಿದೆವು.
ಲೋಗನ್ ದೊರೆ ಹನ್ನೆರಡು ಎಕರೆಯ ಒಂದೇ ತಾಕನ್ನು
ಮೂರು ಸಲ ಸುತ್ತಿದರು,
ಪ್ರತಿ ಸಲವೂ ಸರಿಯಾದ ದಾರಿ ಎಂಬ ಧೈರ್ಯದಲ್ಲಿ.
ಟಿಯರ್ನಿ ದೊರೆ ಸಿದ್ದಾಪುರದ ಕಳ್ಳಂಗಡಿಯಲ್ಲಿ ಸಿಕ್ಕರು;
ಅದು ದಾರಿ ತಪ್ಪಿದ್ದಲ್ಲ ಎಂದು ನನ್ನ ಗುಮಾನಿ.

ಪ್ರಿಚರ್ಡ್ ಸಿಕ್ಕಾಗ ಮಧ್ಯಾಹ್ನ.
ಹೂವಿನ ಸಾಲಿನ ನಡುವೆ ಕೂತಿದ್ದ,
ಜೇನು ಕಚ್ಚಿ ಒಂದು ಕಣ್ಣು ಮುಚ್ಚಿತ್ತು.
ಕೈಯಲ್ಲೊಂದು ಚೂರು.
'ಏನು ಬರೆದಿದೆ?'
ಹೆರಿಗೆ, ಎಂದೆ.
'ಈ ಹೂವಿನ ಹೆಸರೇ?'
ಹೌದು ಎಂದೆ. ಮತ್ತೇನು ಹೇಳಲಿ.
ಜೋಪಾನವಾಗಿ ಜೇಬಿಗೆ ಹಾಕಿಕೊಂಡ.

ಕಾಫಿ ಒಣಗಿಸುವ ಕಣದಲ್ಲೇ ಓಟದ ಕೊನೆಯ ಗೆರೆ.
ಎಂಟು ಹೊಡೆಯಲು ಏಳು ನಿಮಿಷವಿರುವಾಗ
ಬೊಳ್ಕ ಅಲ್ಲಿಗೆ ಬಂದಿದ್ದ.
ಖಾಲಿ ಗೋಣಿ ಕೊಡವಿ, ಮಡಚಿ ನನ್ನ ಕೈಗಿತ್ತು,
ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ.
ಹಿಡಿಯುವವರು ಬರಬೇಕಲ್ಲ, ಕಾಯುತ್ತಿದ್ದ.

ಕ್ಲಬ್ಬಿನ ಪುಸ್ತಕದಲ್ಲಿ ಬರೆದರು: ಗೆದ್ದವರಿಲ್ಲ.
ಬೆಳ್ಳಿಯ ಬಟ್ಟಲು ಬೀರುವಿಗೆ ಮರಳಿತು.
ನಾಲ್ಕನೆಯ ದಿನಕ್ಕೆ ಹೂವು ಕಂದಿ ಉದುರಿತು;
ಆಗ ಕಂಡಿತು ಜಾಡು, ಗಿಡದಿಂದ ಗಿಡಕ್ಕೆ,
ಮಗು ಓದಿಕೊಂಡು ಹೋಗುವಷ್ಟು ಸ್ಪಷ್ಟ.

ಓಟದ ದಿನ ಸಂಜೆ, ದೀಪದ ಕೆಳಗೆ, ಹೊಸ ಚೆಕ್‌ರೋಲು.
ಮಧ್ಯಾಹ್ನದೊಳಗೆ ಕೆಲಸ ಮುಗಿದರೆ
ಪೂರ್ತಿ ಹಾಕುವ ಪದ್ಧತಿ ತೋಟದಲ್ಲಿಲ್ಲ.
ಬರೆದೆ: ಬೊಳ್ಕ. ಅರ್ಧ.
ಶಾಯಿ ಆರುವವರೆಗೆ
ಪುಸ್ತಕ ಮುಚ್ಚದೆ ಕೂತೆ.