ಎರಡೂ ಇಲ್ಲೇ ಅದಾವ

ಆ ಸಲ ರೀಚಾರ್ಜು ಬರಲಿಲ್ಲ.

ಎರಡು ವರ್ಷ, ಇಪ್ಪತ್ತೆಂಟು ದಿನಕ್ಕೊಮ್ಮೆ
ಮುದಗಲ್ಲಿನ ಹಾಸ್ಟೆಲಿನ ಅಡುಗೆಮನೆಯಲ್ಲಿ
ಹಿಟ್ಟಿನ ಡಬ್ಬಿಯ ಮೇಲೆ ನನ್ನ ಫೋನು ನಡುಗುತ್ತಿತ್ತು:
ಅವನು ಹಾಕಿಸಿದ ದುಡ್ಡು. ಕರೆ ಅಲ್ಲ, ಕಾಗದ ಅಲ್ಲ.
ಮಾತು ಬಂದರೆ ಬರಲಿ, ದಾರಿ ಮುಚ್ಚದಿರಲಿ
ಅಂತಿದ್ದೀತು. ನಾನೂ ಮಾಡಲಿಲ್ಲ.

ಮೂವತ್ತು. ಮೂವತ್ತೊಂದು.
ಮೂವತ್ತೆರಡನೆಯ ದಿನ ಅಕ್ಕನಿಗೂ ಹೇಳದೆ
ಲಿಂಗಸುಗೂರಿನ ಬಸ್ಸು ಹತ್ತಿದೆ.

ಹಟ್ಟಿ ಕ್ಯಾಂಪಿನ ತಗಡಿನ ಮನೆ. ಬಾಗಿಲಲ್ಲಿ ಯಂಕೋಬ,
ಕಂಕುಳಲ್ಲಿ ಅಕ್ಕಿ ಡಬ್ಬಿ.
"ಫೋನು ನೀರಿನ ಡ್ರಮ್ಮಿನಾಗ ಬಿತ್ತು," ಅಂದ.
ಒಣಗಲೆಂದು ಅಕ್ಕಿಯೊಳಗೆ ಹೂತಿಟ್ಟಿದ್ದ.
ಅಂಗಳದಲ್ಲೇ ನಕ್ಕೆ. ನಗುವಾಗ ಕೈ ತಾನಾಗಿ
ಕೊರಳಿಗೆ ಹೋಯಿತು. ಅವನು ಅದನ್ನು ನೋಡಿದ.

ಹೇಳಬೇಕಾದ್ದು ಇಷ್ಟು:
ಕೆಳಗೆ ಕಲ್ಲು ಕುಸಿದು ಹದಿನೇಳು ತಾಸು
ಅವನು ಕತ್ತಲಲ್ಲಿದ್ದ. ಪಕ್ಕದಲ್ಲಿ ಖಾಜಾಹುಸೇನ.
ಆರು ತಾಸು ಇಬ್ಬರೂ ಮಾತಾಡಿದರಂತೆ.
ಉಳಿದ ಹನ್ನೊಂದು ತಾಸು ಇವನು ಅವನ ಕೈ ಹಿಡಿದಿದ್ದನಂತೆ.
ಮೇಲೆ ಬಂದವನಿಗೆ ಹಾರ ಹಾಕಿದರು.
ಅಂದಿನಿಂದ ನಮ್ಮ ಮನೆಯ ಬಲ್ಬು ಆರಲಿಲ್ಲ.
ಒಂದು ರಾತ್ರಿ ಅದು ತಾನೇ ಸುಟ್ಟುಹೋಯಿತು.
"ಏಳ್ರಿ," ಅಂತ ಭುಜ ಮುಟ್ಟಿದೆ.
ಅವನ ಬೆರಳುಗಳು ನನ್ನ ಕೊರಳಲ್ಲಿ
ಕಲ್ಲು ಸರಿಸುತ್ತಿದ್ದವು.

ಬೆಳಿಗ್ಗೆ ಅವನಿಗೆ ನೆನಪಿರಲಿಲ್ಲ. ನನ್ನ ಚರ್ಮಕ್ಕಿತ್ತು.
ಸೆರಗು ಸುತ್ತಿಕೊಂಡು ಹೊರಟೆ. ಅವನು ತಡೆಯಲಿಲ್ಲ.
ತಡೆದಿದ್ದರೆ ದ್ವೇಷಿಸುವುದು ಸುಲಭವಿತ್ತು.

ಈಗ ಅವನು ಗಣಿಗೆ ಇಳಿಯುವುದಿಲ್ಲ.
ಲ್ಯಾಂಪ್ ರೂಮಿನಲ್ಲಿ ಕುಂತು ಇಳಿಯುವವರಿಗೆ ದೀಪ ಕೊಡುತ್ತಾನೆ,
ಪಾಳಿ ಮುಗಿದಾಗ ಬಿಲ್ಲೆ ಎಣಿಸುತ್ತಾನೆ.
ಒಂದು ಬಿಲ್ಲೆ ತಡವಾದರೂ ಅವನಿಗೆ ಊಟ ಸೇರದು.

"ಬಂದೀನಿ" ಅನ್ನಲಿಲ್ಲ ನಾನು. "ಇರ್ತೀನಿ" ಅಂತಲೂ ಅನ್ನಲಿಲ್ಲ.
ರೊಟ್ಟಿ ಬಡಿದೆ. ಪುಂಡಿಪಲ್ಯ ಕೊಂಚ ಹುಳಿಯಾಯಿತು.
ನನ್ನ ಬಟ್ಟೆ ಬ್ಯಾಗಿನೊಳಗೇ ಇದ್ದವು.
ಅವನು ಪಡಸಾಲೆಯಲ್ಲಿ, ನಾನು ಒಳಗೆ,
ನಡುವೆ ಆ ಬಲ್ಬು. ಹೀಗೆ ಹತ್ತೊಂಬತ್ತು ರಾತ್ರಿ.

ಆಮೇಲೆ ಕರೆಂಟು ಹೋಯಿತು.

ಅವನ ಉಸಿರು ಕೇಳಿಸಿತು, ಬಾವಿಗೆ ಬಿದ್ದ ಕೊಡ
ಗೋಡೆ ಗೋಡೆಗೆ ತಾಗುವ ಹಾಗೆ.
ಹೋಗಿ ಮುಟ್ಟಬೇಕು. ಮುಟ್ಟಬಾರದು.
ಕಾಲು ಹೊಸ್ತಿಲಲ್ಲೇ ನಿಂತಿತು.

"ಯಂಕೋಬಾ," ಅಂದೆ. ಹೆಸರು ಹಿಡಿದು ಕರೆದದ್ದು ಅದೇ ಮೊದಲು.
"ನಾನು ಸುಂಕಮ್ಮ. ಇದು ನಮ್ಮ ಪಡಸಾಲಿ.
ನಿನ್ನ ಎಡಕ್ಕ ಗಡಿಗಿ ಐತಿ, ಅದರಾಗ ನೀರು ಅದಾವ.
ಮ್ಯಾಲ ತಗಡು. ತಗಡಿನ ಮ್ಯಾಲ ಬೆಕ್ಕು ಅಡ್ಡಾಡಕತ್ತೈತಿ, ಕೇಳು.
ಅದರ ಮ್ಯಾಲ ಏನೂ ಇಲ್ಲ. ಬರೇ ಆಕಾಶ."

ಬಹಳ ಹೊತ್ತಿನ ಮೇಲೆ ಕೇಳಿದ:
"ನಿನಗ ಅಂಜಿಕಿ ಐತೇನು?"
ಸುಳ್ಳು ನಾಲಿಗೆಯ ತುದಿಗೆ ಬಂತು. ನುಂಗಿದೆ.
"ಐತಿ."
"ಯಾರ ಅಂಜಿಕಿ?"
"ನಿಂದು."

ಚಾಪೆ ಸರಿದ ಸಪ್ಪಳ. ಆಮೇಲೆ ನೆಲಕ್ಕೆ
ಮೆತ್ತಗೆ ಏನೋ ತಟ್ಟಿತು, ಒಮ್ಮೆ, ಮತ್ತೊಮ್ಮೆ.
"ನನ್ನ ಕೈ ನೆಲದ ಮ್ಯಾಲ ಇಟ್ಟೀನಿ, ಸುಂಕಿ.
ಎರಡೂ ಇಲ್ಲೇ ಅದಾವ. ಎತ್ತಂಗಿಲ್ಲ.
ತಟ್ಟಕೋತ ಇರ್ತೀನಿ. ಸಪ್ಪಳ ನಿಂತ್ರ ನೀ ಓಡು."

ನಾನು ಹತ್ತಿರ ಹೋಗಲಿಲ್ಲ, ಓಡಲೂ ಇಲ್ಲ.
ಹೊಸ್ತಿಲ ಮೇಲೆ ಕುಂತೆ.
ತಟ್ಟುತ್ತ ತಟ್ಟುತ್ತ ಅವನು ಖಾಜಾಹುಸೇನನ ಮಾತು ತೆಗೆದ,
ಎಂದೂ ತೆಗೆಯದವನು.
ಆರು ತಾಸೂ ಅವನು ಹೇಳಿದ್ದು
ಕಳೆದುಹೋದ ಒಂದು ಆಡಿನ ಸುದ್ದಿಯಂತೆ,
ಕಿವಿಯ ಮೇಲೆ ಬಿಳಿ ಮಚ್ಚೆ ಇದ್ದದ್ದು.
"ಸಿಕ್ತೇನು ಅದು?" ಅಂದೆ.
"ಗೊತ್ತಿಲ್ಲ. ಅಷ್ಟರಾಗ..."
ಸಪ್ಪಳ ಒಂದು ಗಳಿಗೆ ತಡವರಿಸಿತು.
ನಾನು ಏಳಲಿಲ್ಲ. ಮತ್ತೆ ತಟ್ಟಿದ.

ಕರೆಂಟು ಬಂದಾಗ ನೋಡಿದೆ: ಅವನ ಅಂಗೈ ಎರಡೂ
ನೆಲದ ಧೂಳು ಹತ್ತಿ ಬೆಳ್ಳಗಾಗಿದ್ದವು.
"ಆರಿಸ್ಲೇನು?" ಅಂದ,
ನನ್ನನ್ನಲ್ಲ, ಸ್ವಿಚ್ಚನ್ನು ನೋಡುತ್ತ.
"ಇವತ್ತು ಬ್ಯಾಡ," ಅಂದೆ,
ನನ್ನ ಚಾಪೆಯನ್ನು ಹೊಸ್ತಿಲ ತನಕ ಎಳೆದುಕೊಂಡೆ.

ಅಕ್ಕಿಯೊಳಗಿನ ಫೋನನ್ನು ಇನ್ನೂ ಯಾರೂ ತೆಗೆದಿಲ್ಲ.