ಎಡಸುತ್ತು, ಬಲಸುತ್ತು

ಅಪ್ಟನ್ನಿನಲ್ಲಿ ರಾತ್ರಿ ಪಾಳಿ. ಕುಳ್ಳು ಪೈನ್ ಮರಗಳ ನಡುವೆ
ಹಿಮದಡಿ ಹೂತ ಉಂಗುರ.
ಒಂದೇ ಕೊಳವೆಯಲ್ಲಿ ಅರ್ಧ ಪ್ರೋಟಾನುಗಳು ಪ್ರದಕ್ಷಿಣೆ,
ಇನ್ನರ್ಧ ಅಪ್ರದಕ್ಷಿಣೆ.
ಗರ್ಭಗುಡಿ ಇರಬೇಕಾದಲ್ಲಿ ಜಿಂಕೆ ತುಳಿದ ಬಯಲು.

ಡೊರೀನ್ ಮಕ್‌ಅಲಿಫ್ ಪಂಪುಗಳವಳು,
ಮೂವತ್ತು ವರ್ಷದಿಂದ ಕೊಳವೆಯೊಳಗೆ ಏನೂ ಇಲ್ಲದಂತೆ
ಕಾಯುತ್ತ ಬಂದವಳು. ಕೇಳಿದಳು:
'ಏನು ಹುಡುಕ್ತಿದೀರಿ? ಒಂದೇ ಮಾತಲ್ಲಿ ಹೇಳು.'

ಒಂದೇ ಮಾತಾದರೆ, ಬುಗುರಿ.
ಚೆನ್ನಾಗಿ ಬಿಟ್ಟ ಬುಗುರಿ ನಿಂತಲ್ಲೇ ನಿದ್ದೆಹೋಗುತ್ತದಲ್ಲ,
ಇದು ಓಡುತ್ತಲೇ ನಿದ್ದೆಹೋದದ್ದು,
ಅಚ್ಚು ಸದಾ ದಾರಿಯ ನೇರಕ್ಕೆ.
ಒಡಲೊಳಗಿನ ವಿದ್ಯುತ್ತು ಒಂದು ಮಗ್ಗುಲಿಗೆ
ಸಾಸಿವೆಯ ಸಾಸಿವೆಯಷ್ಟು ಸರಿದು ಕೂತಿದ್ದರೆ
ಅಚ್ಚು ಮೆಲ್ಲಗೆ ತಲೆಯೆತ್ತೀತು.

'ಎತ್ತಿದರೆ?'

ಎತ್ತಿದರೆ, ಕಣಕ್ಕೂ ಗೊತ್ತು
ನಿನ್ನೆ ಯಾವುದು ನಾಳೆ ಯಾವುದು ಎಂದು.
ವಸ್ತುವೂ ಅದರ ಪ್ರತಿವಸ್ತುವೂ ಸಮಸಮ ಹುಟ್ಟಿ
ಸಮಸಮ ಅಳಿಯಬೇಕಿದ್ದ ಲೆಕ್ಕದಲ್ಲಿ
ಈ ಚಿಲ್ಲರೆ, ಅಂದರೆ ನಾವು,
ಹೇಗೆ ಉಳಿಯಿತೆಂದು ಒಂದು ಸುಳಿವು.

ಅವಳು ಥರ್ಮಾಸಿನಿಂದ ಸೂಪು ಬಗ್ಗಿಸಿಕೊಂಡಳು.

ಫೆಬ್ರವರಿಯಲ್ಲಿ ತಲೆಯೆತ್ತಿತು. ಹನ್ನೊಂದು ರಾತ್ರಿ.
ಪರದೆಯ ಮೇಲೆ ಗೆರೆ, ತೆಳ್ಳಗೆ, ಹಟ ಹಿಡಿದು, ಮೇಲಕ್ಕೆ.
ಯಾರೂ ಯಾರಿಗೂ ಹೇಳಲಿಲ್ಲ. ಆದರೂ ಕ್ಯಾಂಟೀನಿನಲ್ಲಿ
ಎಲ್ಲರ ದನಿ ತಗ್ಗಿತ್ತು,
ಹಸುಗೂಸು ಮಲಗಿದ ಮನೆಯ ಹಾಗೆ.

ಹನ್ನೆರಡನೆಯ ರಾತ್ರಿ ಎಡಸುತ್ತಿನವನ್ನು ವಿಚಾರಿಸಿದೆವು.
ಬಲಸುತ್ತಿನ ಸಾಕ್ಷಿ ಒಂದು, ಎಡಸುತ್ತಿನದು ಇನ್ನೊಂದು.
ನಿಜವಾಗಿದ್ದರೆ ಎರಡೂ ತಾಳೆಯಾಗಬೇಕಿತ್ತು.

ಉಂಗುರದುದ್ದಕ್ಕೂ ಮೊಣಕಾಲೂರಿ ಹೋದವಳು ಡೊರೀನ್,
ಹಲ್ಲಿನ ನಡುವೆ ಟಾರ್ಚು.
ಕಾಂತ ತಡೆವ ಕವಚದ ಮುಚ್ಚಳದಲ್ಲಿ
ಒಂದು ಬೋಲ್ಟು, ಹಿತ್ತಾಳೆಯದಲ್ಲ, ಬರೀ ಉಕ್ಕು,
ರಿವರ್‌ಹೆಡ್ ಅಂಗಡಿಯ ಎಪ್ಪತ್ತು ಸೆಂಟಿನದು.
ಬಹಳ ಹೊತ್ತು ಅಂಗೈಯಲ್ಲಿ ಹೊರಳಿಸಿದಳು.
'ನಂದೇ. ಜುಲೈಯಲ್ಲಿ. ಆವತ್ತು ಅವಸರ ಇತ್ತು.'

ನಾವು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ.

ಗೆರೆ ಮಲಗಿತು. ಆಮೇಲೆ ಎರಡು ವರ್ಷ ಮಲಗಿಯೇ ಇತ್ತು.
ಕೊನೆಗೆ ಇಲ್ಲ ಎಂದು ಬರೆಯಲಿಲ್ಲ, ಬರೆಯಲಾಗದು;
ಇದ್ದರೆ ಇದಕ್ಕಿಂತ ಚಿಕ್ಕದು ಎಂದು ಬರೆದೆವು.
ಸೊನ್ನೆಯ ಸುತ್ತ ಬೇಲಿಯನ್ನು
ಒಂದು ಗೇಣು ಒಳಕ್ಕೆ ಹಾಕಿದಂತೆ.

ಆ ಬೋಲ್ಟು ನನ್ನ ಮೇಜಿನ ಮೇಲಿದೆ, ಕಾಗದ ಹಾರದಂತೆ.
ಹನ್ನೊಂದು ರಾತ್ರಿ
ಜಗತ್ತು ಇರುವುದಕ್ಕೆ ಅದೇ ಕಾರಣವಾಗಿತ್ತು.

ಡೊರೀನ್ ಬಂದಾಗ ಅದನ್ನು ನೋಡುವುದಿಲ್ಲ.
ಕೋಟಿನ ಹಿಮ ಕೊಡವಿ ಕೇಳುತ್ತಾಳೆ:
'ಪಂಪು ಎಷ್ಟೊತ್ತಿಗೆ ಶುರು ಮಾಡಲಿ?'