ಏಳು ನಿಮಿಷ

ಆ ಅರ್ಜಿಗೆ ಆವಕ ಸಂಖ್ಯೆ ಬರೆದವನು ನಾನೇ:
ನಾನೂರ ಹನ್ನೆರಡು.
ಶಾಲೆ ಪುಸ್ತಕದಿಂದ ಹರಿದ ಹಾಳೆ, ಹಿಂಬದಿಯಲ್ಲಿ
ಯಾವುದೋ ಮಗುವಿನ ಮಗ್ಗಿ, ಅರ್ಧ ಅಳಿಸಿದ್ದು.
ಕಂಡಕ್ಟರ್ ಕಮಲಿಬಾಯಿ ಬರೆದದ್ದು ನಾಲ್ಕೇ ಸಾಲು:

ಜಾವಗಲ್ಲಿನ ಕೊನೇ ಬಸ್ಸು ಏಳೂ ನಲವತ್ತಕ್ಕೆ ಬಿಡುತ್ತದೆ.
ತಿಪಟೂರು ಕಡೆಯ ಪ್ಯಾಸೆಂಜರು ಏಳೂ ಮೂವತ್ತೆಂಟಕ್ಕೆ ಬರುತ್ತದೆ.
ಜನ ಮೇಲ್ಸೇತುವೆ ಇಳಿದು ಓಡಿ ಬರುವಷ್ಟರಲ್ಲಿ ನಾವಿರುವುದಿಲ್ಲ.
ಏಳು ನಿಮಿಷ ತಡೆದು ಬಿಟ್ಟರೆ ಆಗದೇ ಸಾರ್?

ಆಗದು ಎಂದು ಯಾರೂ ಅನ್ನಲಿಲ್ಲ.
ಇದನ್ನು ನೀವು ನಂಬಬೇಕು. ನಮ್ಮ ಅರಸೀಕೆರೆ ಡಿಪೋದಲ್ಲಿ
ಕೆಟ್ಟವರು ಯಾರೂ ಇಲ್ಲ.
ಮ್ಯಾನೇಜರು ಓದಿ, ಕನ್ನಡಕ ತೆಗೆದು
"ಒಳ್ಳೇದೇ ಕಣಮ್ಮ" ಅಂದರು.
ಆಕೆ ಹೋದ ಮೇಲೆ ನನ್ನತ್ತ ತಿರುಗಿ, ದನಿ ತಗ್ಗಿಸಿ,
"ಇದು ಸರಿ ಅಂತ ಈಗ ನಾನು ಬರೆದರೆ
ಹನ್ನೊಂದು ವರ್ಷ ಯಾಕೆ ತಪ್ಪಿತ್ತು ಅಂತ ಕೇಳ್ತಾರೆ ಕಣಯ್ಯ.
ಅದಕ್ಕೆ ಯಾರ ಸಹಿ ಹಾಕಿಸಲಿ?"
ಆಮೇಲೆ ಹಸಿರು ಶಾಯಿಯಲ್ಲಿ: ಪರಿಶೀಲಿಸಿ ಮಂಡಿಸಿ.

ಪರಿಶೀಲಿಸಿದೆ. ಮಂಡಿಸಿದೆ.
ಕಡತಕ್ಕೆ ದಾರ ಕಟ್ಟುವುದು ನನಗೆ ಚೆನ್ನಾಗಿ ಬರುತ್ತದೆ.
ಚಿಕ್ಕಮಗಳೂರಿಗೆ ಹೋಯಿತು. ಅಲ್ಲಿಯವರು
ಹಾಸನದ ಅಭಿಪ್ರಾಯ ಕೇಳಿದರು, ಯಾಕೆಂದರೆ
ಜಾವಗಲ್ಲಿನಲ್ಲಿ ಹಾಸನದ ಬಸ್ಸೊಂದು ರಾತ್ರಿ ತಂಗುತ್ತದೆ.
ಹಾಸನದವರು ಆರ್ಥಿಕ ಹೊರೆ ಎಷ್ಟು ಎಂದರು.
ಲೆಕ್ಕ ಹಾಕಿ, ಎರಡು ಸಲ, ಸೊನ್ನೆ ಎಂದು ಬರೆದೆ.
ಸೊನ್ನೆ ಯಾವ ಲೆಕ್ಕ ಶೀರ್ಷಿಕೆಗೆ ಸೇರುತ್ತದೆ
ಎಂದು ತಿರುಗಿ ಕೇಳಿದರು.

ನಡುವೆ ಎರಡು ಯುಗಾದಿ.
ಕಮಲಿಬಾಯಿ ಮೊದಮೊದಲು ಕಿಟಕಿಗೆ ಬಗ್ಗಿ ಕೇಳುತ್ತಿದ್ದಳು.
ಆಮೇಲೆ ಬರೀ ಕಣ್ಣಲ್ಲಿ. ಆಮೇಲೆ ಕೇಳಲಿಲ್ಲ.
ಕೇಳದೇ ಹೋದಾಗ ನನಗೆ ಹಾಯೆನಿಸಿತು;
ಇದನ್ನು ಯಾವ ರಿಜಿಸ್ಟರಿನಲ್ಲೂ ನಾನು ದಾಖಲಿಸಿಲ್ಲ.

ಆಗ ಶುರುವಾದದ್ದು ಟೈರು.
ಡ್ರೈವರ್ ಮರುಳಸಿದ್ದಪ್ಪ ದಿನಾ ಏಳೂ ನಲವತ್ತಕ್ಕೆ
ಹಿಂದಿನ ಎಡಗಡೆ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು
ಸ್ಪ್ಯಾನರಿನಿಂದ ತಟ್ಟುವನು, ಕಿವಿಗೊಡುವನು,
ಕಛೇರಿಗೆ ಮುಂಚೆ ಮೃದಂಗದವರು ಶ್ರುತಿ ನೋಡುವ ಹಾಗೆ,
ಮತ್ತೆ ತಟ್ಟುವನು.
ಅಷ್ಟರಲ್ಲಿ ಸೇತುವೆ ಇಳಿದು
ಕೊಬ್ಬರಿ ಮಂಡಿಯ ಹೆಂಗಸರು, ರೆಪ್ಪೆಯ ಮೇಲೂ ಧೂಳು,
ರಾತ್ರಿ ಪಾಳಿಯ ನರ್ಸು,
ಐಟಿಐ ಹುಡುಗರು ನಾಲ್ಕು ಜನ
ಓಡದೆ, ಮಾತಾಡಿಕೊಳ್ಳುತ್ತ ಬಂದು ಹತ್ತುತ್ತಿದ್ದರು.
ಲಾಗ್ ಶೀಟಿನಲ್ಲಿ: ಟೈರು ತಪಾಸಣೆ, ಏಳು ನಿಮಿಷ.
ಯಾರೂ ಪ್ರಶ್ನಿಸಲಿಲ್ಲ. ಟೈರಿಗೆ ಅಭಿಪ್ರಾಯವಿಲ್ಲ ನೋಡಿ,
ಅದನ್ನು ನಂಬುವುದು ಸುಲಭ.

ಹೊಸ ಮ್ಯಾನೇಜರು ಚುರುಕು. ಬಂದ ವಾರವೇ
ಲಾಗ್ ಶೀಟು ತಿರುವಿ, "ಇಷ್ಟು ದಿನ ಏನ್ರೀ ಮಾಡ್ತಿದ್ರಿ?" ಎಂದು
ಎರಡೇ ದಿನಕ್ಕೆ ಹೊಸ ಟೈರು ಹಾಕಿಸಿದರು.
ಅವತ್ತು ಬಸ್ಸು ಸರಿಯಾಗಿ ಏಳೂ ನಲವತ್ತಕ್ಕೆ ಹೊರಟಿತು.
ಮೇಲ್ಸೇತುವೆಯ ಕಬ್ಬಿಣದ ಮೇಲೆ ಚಪ್ಪಲಿಗಳ ಸದ್ದು
ನನ್ನ ಕಿಟಕಿಯವರೆಗೂ ಬಂದು
ನಿಂತುಹೋಯಿತು.

ಇವತ್ತು ಟಪಾಲಿನಲ್ಲಿ ನಾನೂರ ಹನ್ನೆರಡಕ್ಕೆ ಉತ್ತರ.
ಮೂರು ಮೊಹರು. ಒಂದೇ ಪ್ರಶ್ನೆ:
ಸದರಿ ವಾಹನವು ವಾಸ್ತವದಲ್ಲಿ ಎಷ್ಟು ಗಂಟೆಗೆ ಹೊರಡುತ್ತಿದೆ,
ಕಳೆದ ಒಂದು ವರ್ಷದ ವಿವರದೊಂದಿಗೆ
ಕೂಡಲೇ ವರದಿ ಮಾಡುವುದು.

ಎಲ್ಲರೂ ಮನೆಗೆ ಹೋದ ಮೇಲೂ
ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ.
ಗೋಡೆಯ ಗಡಿಯಾರದಲ್ಲಿ ಏಳೂ ನಲವತ್ತೊಂದು.
ಹೊರಗೆ ಕಮಲಿಬಾಯಿ, ಕಣ್ಣು ಸೇತುವೆಯ ಕಡೆಗಿಟ್ಟು,
ಟಿಕೆಟ್ ಮಿಷನ್ನಿಗೆ ಹೊಸ ಸುರುಳಿ ತುಂಬುತ್ತಿದ್ದಾಳೆ.
ಮೂರು ತಿಂಗಳಿಂದ ಒಂದು ಹನಿ ಬೀಳದ ಈ ಊರಿನಲ್ಲಿ
ಮರುಳಸಿದ್ದಪ್ಪ ವೈಪರನ್ನು ಎತ್ತಿ ಹಿಡಿದು
ಬಟ್ಟೆಯಿಂದ ಒರೆಸುತ್ತಿದ್ದಾನೆ,
ತುದಿಯಿಂದ ತುದಿಗೆ, ನಿಧಾನವಾಗಿ.